ಒಂದೇ ಪ್ಲಗಿನ್, ಮೂರು ಎಸ್‌ಡಿಕೆ: ನೆನಪಿಡೋದು ಯಾರು?

ನಾನು ಬರೆದ ಒಂದು ಪುಟ್ಟ ಟಾಸ್ಕ್ ಸರ್ವಿಸ್ ಇದೆ. ಬಳಸುವವರು ಬೆರಳೆಣಿಕೆಯ ಜನ. ಅದಕ್ಕೊಂದು ಆಟೊಮೇಷನ್ ಪ್ಲಗಿನ್ ಬೇಕು ಅಂತ ಅವರು ಕೇಳಿದರು. ಯಾವ ಪ್ಲಾಟ್‌ಫಾರ್ಮ್‌ಗೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಕೊನೆಗೆ ಮೂರಕ್ಕೂ ಬರೆದೆ: ಝ್ಯಾಪಿಯರ್, ಎನ್8ಎನ್, ನೋಡ್-ರೆಡ್. ಬೇರೆಬೇರೆ ಸರ್ವಿಸ್‌ಗಳನ್ನು ಜೋಡಿಸಿ ಕೆಲಸ ತಾನಾಗಿ ನಡೆಯುವಂತೆ ಮಾಡುವ ಪ್ಲಾಟ್‌ಫಾರ್ಮ್‌ಗಳಿವು. ಪ್ಲಗಿನ್ ಬರೆಯಲು ಪ್ರತಿಯೊಂದೂ ಕೊಡುವ ಸಲಕರಣೆಯೇ ಎಸ್‌ಡಿಕೆ. ಕೆಲಸ ಎರಡೇ. ಹೊಸ ಟಾಸ್ಕ್ ಬಂದರೆ ವರ್ಕ್‌ಫ್ಲೋ (ತಾನಾಗಿ ನಡೆಯುವ ಹೆಜ್ಜೆಗಳ ಸರಣಿ) ಶುರುವಾಗಬೇಕು, ವರ್ಕ್‌ಫ್ಲೋ ಹೇಳಿದಾಗ ಟಾಸ್ಕ್ ಸೇರಬೇಕು.

ಎಪಿಐ (ಬೇರೆ ಪ್ರೋಗ್ರಾಂ ನನ್ನ ಸರ್ವಿಸ್ ಜೊತೆ ಮಾತಾಡುವ ದಾರಿ) ಕರೆಯುವ ಕೋಡ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೂರೂ ನೋಡ್ ಜೆಎಸ್ ಮೇಲೆ ಓಡುವುದರಿಂದ ಕೆಲವು ಫಂಕ್ಷನ್‌ಗಳನ್ನು ಹಾಗೇ ಎತ್ತಿ ಹಾಕಿದೆ. ತಲೆ ತಿಂದದ್ದು ಟ್ರಿಗರ್, ಅಂದರೆ ವರ್ಕ್‌ಫ್ಲೋ ಶುರುಮಾಡುವ ಭಾಗ. ಹೊಸದು ಬಂದಾಗ ತಾನೇ ಸುದ್ದಿ ಕಳಿಸುವ ವೆಬ್‌ಹುಕ್ ನನ್ನ ಸರ್ವಿಸ್‌ಗೆ ಇಲ್ಲ (ಸೋಮಾರಿತನ, ಬೇರೇನಲ್ಲ). ಹಾಗಾಗಿ ಪ್ಲಗಿನ್ ಆಗಾಗ ಹೋಗಿ "ಹೊಸದೇನಾದರೂ ಬಂತಾ?" ಅಂತ ಕೇಳಬೇಕು. ನೋಡಿದ್ದು ಯಾವುದು, ನೋಡದ್ದು ಯಾವುದು ಅಂತ ಯಾರಾದರೂ ನೆನಪಿಡಬೇಕಲ್ವಾ? ಮೂರು ಎಸ್‌ಡಿಕೆಗಳೂ ಬೇರೆಬೇರೆ ದಾರಿ ಹಿಡಿಯುವುದು ಇಲ್ಲೇ.

ಝ್ಯಾಪಿಯರ್ ತಾನೇ ನೆನಪಿಡುತ್ತದೆ. ನಾನು ಪಟ್ಟಿ ಕೊಟ್ಟರೆ ಸಾಕು. ಹೊಸದು ಮೊದಲಿರಬೇಕು, ಪ್ರತಿಯೊಂದಕ್ಕೂ ಬೇರೆ ಐಡಿ ಇರಬೇಕು, ಅಷ್ಟೇ. ಝ್ಯಾಪ್ (ಅಲ್ಲಿನ ವರ್ಕ್‌ಫ್ಲೋ) ಆನ್ ಮಾಡಿದಾಗ ಇರುವ ಐಡಿಗಳನ್ನೆಲ್ಲ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಕಾಣದ ಐಡಿ ಬಂದರೆ ಮಾತ್ರ ಮುಂದೆ ಕಳಿಸುತ್ತದೆ. ಅರ್ಧ ದಿನದಲ್ಲಿ ಟ್ರಿಗರ್ ಮುಗಿಯಿತು. ಆಸೆ ಜಾಸ್ತಿಯಾಗಿ "ಟಾಸ್ಕ್ ಬದಲಾದಾಗ" ಅಂತ ಇನ್ನೊಂದು ಬರೆದೆ. ಅದು ಜಪ್ಪಯ್ಯ ಅಂದರೂ ಓಡಲಿಲ್ಲ. ಟಾಸ್ಕ್ ಬದಲಾದರೂ ಐಡಿ ಹಳೆಯದೇ ತಾನೇ? ಅದರ ಲೆಕ್ಕದಲ್ಲಿ ಇದು ಆಗಲೇ ನೋಡಿದ ಮುಖ. ಐಡಿಗೆ ಬದಲಾದ ಸಮಯವನ್ನೂ ಅಂಟಿಸಿ ಕೊಟ್ಟಮೇಲೆ ಸರಿಹೋಯಿತು. ನೀವೂ ಹೀಗೆ ಮಾಡಿದರೆ ಮೂಲ ಐಡಿಯನ್ನು ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಮುಂದಿನ ಹೆಜ್ಜೆಗೆ ಅದೇ ಬೇಕಾಗುತ್ತದೆ.

ಎನ್8ಎನ್ ಕೈಗೊಂದು ನೋಟ್‌ಬುಕ್ ಕೊಡುತ್ತದೆ, ಬರೆದುಕೊಳ್ಳುವುದು ನಮ್ಮ ಕೆಲಸ. ಆ ನೋಟ್‌ಬುಕ್ಕಿನ ಹೆಸರು ಸ್ಟ್ಯಾಟಿಕ್ ಡೇಟಾ. ಪೋಲ್ ಫಂಕ್ಷನ್ನಿನಲ್ಲಿ (ಆಗಾಗ ಹೋಗಿ ಕೇಳುವುದು ಇದೇ) ಕೊನೆಗೆ ನೋಡಿದ ಸಮಯವನ್ನು ಅಲ್ಲಿ ಬರೆದಿಟ್ಟೆ. ಹೊಸದಿಲ್ಲದಿದ್ದರೆ ನಲ್ (ಏನೂ ಇಲ್ಲ ಅಂತ) ಕೊಟ್ಟರಾಯಿತು, ವರ್ಕ್‌ಫ್ಲೋ ಸುಮ್ನೆ ಇರುತ್ತದೆ. ಚೆನ್ನಾಗಿದೆ. ಆದರೆ ಎಡಿಟರ್‌ನಲ್ಲಿ ಟೆಸ್ಟ್ ಮಾಡಿದಾಗಲೆಲ್ಲ ಹಳೆಯ ಟಾಸ್ಕೇ ಬರುತ್ತಿತ್ತು. ಒಂದು ಸಂಜೆ ಪೂರ್ತಿ ನನ್ನ ದಿನಾಂಕದ ಲೆಕ್ಕವನ್ನು ಬೈದುಕೊಂಡೆ. ವಿಷಯ ಇಷ್ಟೇ: ಕೈಯಿಂದ ಟೆಸ್ಟ್ ಮಾಡುವಾಗ ಸ್ಟ್ಯಾಟಿಕ್ ಡೇಟಾ ಉಳಿಯುವುದಿಲ್ಲ, ವರ್ಕ್‌ಫ್ಲೋ ಆಕ್ಟಿವ್ ಆಗಿದ್ದು ತಾನಾಗಿ ಓಡಿದಾಗಷ್ಟೇ ಉಳಿಯುತ್ತದೆ. ಡಾಕ್ಯುಮೆಂಟಿನಲ್ಲಿ ಬರೆದಿದೆ. ಓದದವನು ನಾನು.

ಎನ್8ಎನ್‌ನಲ್ಲಿ ಇನ್ನೂ ಒಂದು ಕಡೆ ಎಡವಿದೆ. ನೋಡ್‌ಗೆ (ವರ್ಕ್‌ಫ್ಲೋದ ಒಂದು ಹೆಜ್ಜೆ) ಒಳಬರುವುದು ಒಂದು ಐಟಂ ಅಲ್ಲ, ಐಟಂಗಳ ಸಾಲು. ಲೂಪ್ ಹಾಕಿದ್ದೆ, ಆದರೆ ಪ್ಯಾರಾಮೀಟರ್ ಓದುವ ಕಡೆ ಐಟಂ ನಂಬರ್ ಜಾಗದಲ್ಲಿ 0 (ಅಂದರೆ ಮೊದಲ ಐಟಂ) ಅಂತಲೇ ಬಿಟ್ಟಿದ್ದೆ. ಹತ್ತು ಟಾಸ್ಕ್ ಸೇರಿದವು, ಹತ್ತಕ್ಕೂ ಒಂದೇ ತಲೆಬರಹ! ಆಮೇಲೆ ಟಾಸ್ಕ್ ಸೇರಿಸುವ ಆ ಆಕ್ಷನ್ನನ್ನು ಡಿಕ್ಲರೇಟಿವ್ ಶೈಲಿಗೆ ಬದಲಾಯಿಸಿದೆ. ಯಾವ ಫೀಲ್ಡ್ ಯಾವ ರಿಕ್ವೆಸ್ಟಿಗೆ ಹೋಗಬೇಕು ಅಂತ ಹೇಳಿದರೆ ಸಾಕು, ಲೂಪೇ ಬೇಡ. ಸಾದಾ ರೆಸ್ಟ್ ಎಪಿಐಗೆ ಇದಕ್ಕಿಂತ ಸುಖ ಇಲ್ಲ. ಟ್ರಿಗರ್‌ಗೆ ಮಾತ್ರ ಈ ಶೈಲಿ ನಡೆಯುವುದಿಲ್ಲ, ಕೋಡ್ ಬರೆಯಲೇಬೇಕು.

ಇನ್ನು ನೋಡ್-ರೆಡ್. 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ್ದು, ಮೂರರಲ್ಲಿ ಇದರ ಎಸ್‌ಡಿಕೆ ತೀರಾ ತೆಳು. ಒಂದು ಜೆಎಸ್ ಫೈಲು, ಒಂದು ಎಚ್‌ಟಿಎಂಎಲ್ ಫೈಲು, ಮುಗಿಯಿತು. ಉಳಿದೆರಡೂ ಫೀಲ್ಡ್‌ಗಳ ವಿವರಣೆ ನೋಡಿ ಫಾರ್ಮನ್ನು ತಾವೇ ಬಿಡಿಸಿಕೊಳ್ಳುತ್ತವೆ. ಇಲ್ಲಿ ಫಾರ್ಮ್ ಕೈಯಾರೆ ಬರೆಯಬೇಕು. ನೆನಪೂ ನಮ್ಮದೇ, ಗಡಿಯಾರವೂ ನಮ್ಮದೇ. ನಿಮಿಷಕ್ಕೊಮ್ಮೆ ಕೇಳಲು ಟೈಮರ್ ಹಾಕಿದೆ, ನೋಡ್ ಕ್ಲೋಸ್ ಆದಾಗ ಅದನ್ನು ನಿಲ್ಲಿಸಲು ಮರೆತೆ. ಬದಲಾವಣೆ ಜಾರಿಗೆ ತರುವ ಡಿಪ್ಲಾಯ್ ಬಟನ್ ಒತ್ತಿದಾಗ ಹೊಸ ನೋಡ್ ಹುಟ್ಟಿತು, ಹಳೆಯ ಟೈಮರ್ ಸಾಯಲಿಲ್ಲ. ಮೂರು ಸಲ ಡಿಪ್ಲಾಯ್ ಮಾಡಿದಮೇಲೆ ಒಂದೇ ಟಾಸ್ಕ್ ಮೂರು ಸಲ ಬರತೊಡಗಿತು. ನೆನಪಿಡಲು ಕಾಂಟೆಕ್ಸ್ಟ್ ಅನ್ನೋ ಜಾಗ ಇದೆ, ಆದರೆ ಏನೂ ಬದಲಾಯಿಸದಿದ್ದರೆ ಅದು ಮೆಮೊರಿಯಲ್ಲೇ ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಖಾಲಿ. ಫೈಲಿನಲ್ಲಿ ಉಳಿಯಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಹೇಳಬೇಕು, ಅದು ಪ್ಲಗಿನ್ ಬರೆಯುವವನ ಕೈಲಿಲ್ಲ, ಬಳಸುವವರ ಕೈಲಿದೆ. ಇಷ್ಟೆಲ್ಲ ಆದರೂ ಬರೆಯುವಾಗ ಹೆಚ್ಚು ಖುಷಿ ಕೊಟ್ಟದ್ದು ಇದೇ. ನೋಡ್ ಕೆಳಗೆ ಹಸಿರು ಚುಕ್ಕಿ ಬಂದು "ಕನೆಕ್ಟೆಡ್" ಅಂತ ತೋರಿಸಲು ಒಂದೇ ಸಾಲು ಸಾಕಾಯಿತು.

ಹೊಸ ವರ್ಷನ್ ಬಿಡುವ ವಿಷಯದಲ್ಲಿ ಝ್ಯಾಪಿಯರ್ ಮುಂದಿದೆ. ಬಳಸುವವರಲ್ಲಿ ಶೇಕಡಾ 10 ಜನರನ್ನು ಮಾತ್ರ ಹೊಸ ವರ್ಷನ್ನಿಗೆ ದಾಟಿಸಿ ನೋಡಬಹುದು. ಆದರೆ ಕೋಡ್ ಓಡುವುದು ಝ್ಯಾಪಿಯರ್‌ನವರ ಸರ್ವರಿನಲ್ಲಿ, ಪ್ರತಿ ಕರೆಯೂ 30 ಸೆಕೆಂಡಿನೊಳಗೆ ಮುಗಿಯಬೇಕು. ಎನ್8ಎನ್‌ನಲ್ಲಿ ಒಂದೇ ನೋಡ್ ಹಲವು ವರ್ಷನ್ ಹೊತ್ತು ತಿರುಗಬಹುದು, ಹಳೆಯ ವರ್ಕ್‌ಫ್ಲೋ ಹಳೆಯದನ್ನೇ ಹಿಡಿದುಕೊಳ್ಳುತ್ತದೆ. ನೋಡ್-ರೆಡ್‌ನಲ್ಲಿ ಹಳೆಯ ಫ್ಲೋದಲ್ಲಿ ಹೊಸ ಫೀಲ್ಡ್ ಇರುವುದಿಲ್ಲ ಅನ್ನೋದನ್ನು ನಾವೇ ನೋಡಿಕೊಳ್ಳಬೇಕು.

ಬಳಸುವವರಿಗೆ ನಾನು ಕೊಟ್ಟದ್ದು ಝ್ಯಾಪಿಯರ್‌ನದು, ಅವರಿಗೆ ಸರ್ವರ್ ನಡೆಸುವ ತಲೆನೋವು ಬೇಡ. ನನಗೆ ನಾನು ಇಟ್ಟುಕೊಂಡದ್ದು ಎನ್8ಎನ್. ನೋಡ್-ರೆಡ್‌ನದನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಈಗ ಸರ್ವಿಸ್‌ಗೇ ವೆಬ್‌ಹುಕ್ ಹಾಕುತ್ತಿದ್ದೇನೆ. ಅದಾದರೆ ಎನ್8ಎನ್‌ನ ನೋಟ್‌ಬುಕ್ಕಿನಲ್ಲಿ ಸಮಯ ಬರೆದಿಡುವುದೂ ಬೇಡ, ನೋಡ್-ರೆಡ್‌ನ ಟೈಮರೂ ಬೇಡ. ಝ್ಯಾಪಿಯರ್‌ನಲ್ಲಿ ಮಾತ್ರ ಆ ಪಟ್ಟಿ ತರುವ ಫಂಕ್ಷನ್ ಉಳಿಯುತ್ತದೆ. ಹುಕ್ ಇದ್ದರೂ, ಝ್ಯಾಪ್ ಕಟ್ಟುವಾಗ ತೋರಿಸಲು ಒಂದು ಸ್ಯಾಂಪಲ್ ಬೇಕು ಅಂತ ಅದು ಕೇಳುತ್ತದೆ.