ಮೊದಲ ಹಡಗು ಪ್ರವಾಸಕ್ಕೆ ಮಡಿಕೇರಿಯಲ್ಲಿ ನಡೆದ ಸಿದ್ಧತೆ
ಜನವರಿಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೊರಟ ನಮ್ಮ ಮೊದಲ ಹಡಗು ಪ್ರವಾಸದ ಏರ್ಪಾಡನ್ನು ಮಡಿಕೇರಿಯ ಒಂದು ಪ್ರವಾಸ ಕಚೇರಿಗೆ ವಹಿಸಿದ್ದೆವು. ದ್ವೀಪಗಳಿಗೆ ಕಾಲಿಡಲು ಪ್ರವೇಶ ಪರವಾನಗಿ ಕಡ್ಡಾಯವಾದ್ದರಿಂದ ಅರ್ಜಿ, ಭಾವಚಿತ್ರ, ಗುರುತಿನ ಚೀಟಿಯ ಪ್ರತಿಗಳನ್ನೆಲ್ಲ ಅವರೇ ಜೋಡಿಸಿ, ನನ್ನ ಹೆಸರಿನಲ್ಲಿ ತಪ್ಪಿದ್ದ ಒಂದಕ್ಷರವನ್ನೂ ಹುಡುಕಿ ತಿದ್ದಿಸಿದರು. ಕೊಡಗಿಗೆ ರೈಲಿಲ್ಲದ ಕಾರಣ ಮಾಕುಟ್ಟ ಘಟ್ಟವಿಳಿದು ಕಣ್ಣೂರಿನಲ್ಲಿ ರೈಲು ಹಿಡಿಯುವ ವ್ಯವಸ್ಥೆಯೂ ಅಚ್ಚುಕಟ್ಟಾಗಿತ್ತು.

ಆದರೆ ಏನೇನು ಕೊಂಡೊಯ್ಯಬೇಕೆಂಬ ಬಗ್ಗೆ ಅವರು ಬಾಯಿಬಿಡಲೇ ಇಲ್ಲ. ಕಾಫಿ ಕೊಯ್ಲಿನ ಚಳಿಯಲ್ಲಿ ಸ್ವೆಟರ್ ತೊಟ್ಟು ಪೆಟ್ಟಿಗೆ ತುಂಬುವವರಿಗೆ ಅಲ್ಲಿಯ ಸೆಖೆ ಹೇಗೆ ನೆನಪಾದೀತು? ಮೂರು ಉಣ್ಣೆಯ ಅಂಗಿ ಹೊತ್ತೊಯ್ದ ನಾನು, ಇದ್ದೆರಡು ಹತ್ತಿಯ ಅಂಗಿಗಳನ್ನೇ ಒಗೆದೊಗೆದು ತೊಟ್ಟೆ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕೆಂಬುದು ತಿಳಿದದ್ದು ಮೊದಲ ರಾತ್ರಿ, ತಡವಾಗಿ.