ಮರದ ಬಣ್ಣದ ಕಾರ್ಬನ್ ಬಾಣ: ಯಾವುದರ ಬಣ್ಣ ಎಷ್ಟು ದಿನ ಉಳಿಯಿತು?

ನನ್ನದು ಎಳೆಯಲು 42 ಪೌಂಡ್ ಬಲ ಬೇಕಾಗುವ, ತುದಿಗಳು ಮುಂದಕ್ಕೆ ಬಾಗಿದ ಮರದ ರೀಕರ್ವ್ ಬಿಲ್ಲು. ಅದಕ್ಕೆ ಕಪ್ಪು ಕಾರ್ಬನ್ ಬಾಣ ಹೂಡಿದರೆ ರೇಷ್ಮೆ ಪಂಚೆ ಉಟ್ಟು ಸ್ಪೋರ್ಟ್ಸ್ ಶೂ ಹಾಕಿದ ಹಾಗೆ ಕಾಣುತ್ತದೆ. ಹಾಗಂತ ನಿಜವಾದ ಮರದ ಬಾಣಕ್ಕೆ ಹೋದರೆ ಮಿಶಿಗನ್ನಿನ ಮಳೆಗೆ, ಥಂಡಿಗೆ ಅದು ಸೊಟ್ಟಗಾಗುತ್ತದೆ, ಆಗಾಗ ಕೈಯಲ್ಲಿ ಹಿಡಿದು ಬಗ್ಗಿಸಿ ನೇರ ಮಾಡುತ್ತಾ ಕೂರಬೇಕು. ಕಾರ್ಬನ್‌ಗೆ ಆ ರಗಳೆ ಇಲ್ಲ. ಅದಕ್ಕೇ ಕಾರ್ಬನ್ ಮೇಲೆ ಮರದ ಎಳೆಯ ಡಿಸೈನ್ ಇರುವ ಬಾಣಗಳು. ಈಸ್ಟನ್, ಗೋಲ್ಡ್ ಟಿಪ್, ಬ್ಲ್ಯಾಕ್ ಈಗಲ್ ಎಲ್ಲರೂ ಮಾಡುತ್ತಾರೆ. ನಾನು ಕೊಂಡವು ಯಾವ ಕಂಪನಿಯವು ಅಂತ ಹೇಳುವುದಿಲ್ಲ. ಆರಾರು ಬಾಣ ನೋಡಿ ಕಂಪನಿಗೆ ಅಂಕ ಕೊಡುವುದು ಸರಿಯಲ್ಲ ಅಲ್ವಾ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ಎರಡು ದಿನ ಮೂರು ಥರದ್ದನ್ನು ಹೊಡೆದೆ. ಒಂದನೆಯದು ಫಿಲ್ಮ್: ಮರದ ಫೋಟೋ ಅಚ್ಚು ಹಾಕಿದ ತೆಳು ಪದರ, ಮೇಲೆ ಕ್ಲಿಯರ್ ಕೋಟ್. ಎರಡನೆಯದು ಬರೀ ಪೇಂಟ್, ಬೆಲೆಯೂ ಕಡಿಮೆ. ಮೂರನೆಯದು ಮಾಮೂಲಿ ಕಪ್ಪು ಬಾಣ, ಅದರ ಹಿಂಬದಿಯ 8 ಇಂಚಿಗೆ ಮಾತ್ರ ನಾನೇ ಸುತ್ತಿದ ಮರದ ಡಿಸೈನಿನ ವಿನೈಲ್ ರ‍್ಯಾಪ್. ಮೂರೂ 500 ಸ್ಪೈನ್ (ಬಾಣ ಎಷ್ಟು ಬಾಗುತ್ತದೆ ಅನ್ನುವ ಅಳತೆ), 29.5 ಇಂಚು, ಮುಂದೆ 150 ಗ್ರೇನಿನ ಮೊನೆ, ಅಂದರೆ ಹತ್ತು ಗ್ರಾಮಿಗೆ ಸ್ವಲ್ಪ ಕಡಿಮೆ. ಬತ್ತಳಿಕೆಯಲ್ಲಿ ಮೂರನ್ನೂ ಬೆರೆಸಿ ಇಟ್ಟಿದ್ದೆ, ಕೈಗೆ ಸಿಕ್ಕಿದ್ದನ್ನು ಹೂಡುತ್ತಿದ್ದೆ.

ಬಣ್ಣ ಹೋಗುವುದು ಬಾಣ ಹಾರುವಾಗ ಅಲ್ಲ, ಕೀಳುವಾಗ. ಇದು ನನಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಗುರಿಗೆಂದು ನಿಲ್ಲಿಸಿದ ಫೋಮ್ ಜಿಂಕೆಗೆ ಬಾಣ ನುಗ್ಗಿದಾಗ ತಿಕ್ಕಾಟದ ಬಿಸಿಗೆ ಫೋಮ್ ಒಂದಿಷ್ಟು ಕರಗಿ ಕಡ್ಡಿಗೆ ಅಂಟಿಕೊಳ್ಳುತ್ತದೆ. ನಾವು ರಬ್ಬರ್ ಹಿಡಿಕೆ ಹಾಕಿ, ತಿರುಚಿ ಎಳೆಯುತ್ತೇವೆ. ಪೇಂಟ್ ಬಾಣದ ಮುಂದಿನ ಆರು ಇಂಚು ಜೂನ್ ಹೊತ್ತಿಗೇ ಬೋಳು. ಬಣ್ಣ ಸಿಪ್ಪೆಯಾಗಿ ಏಳಲಿಲ್ಲ, ಸವೆದು ಸವೆದು ಒಳಗಿನ ಕಪ್ಪು ಕಾಣಿಸಿತು, ಹಳೇ ಬಾಣಲೆಯ ತಳದ ಹಾಗೆ. ಚೆಂದ ಇಲ್ಲ, ಆದರೆ ನುಣ್ಣಗೇ ಇತ್ತು.

ಫಿಲ್ಮ್ ಬಾಣ ಮೊದಮೊದಲು ತುಂಬಾ ಚೆನ್ನಾಗಿ ತಡೆಯಿತು. ಜುಲೈವರೆಗೂ ಹೊಸದರ ಹಾಗೇ ಇತ್ತು, ನನಗೂ ಖುಷಿ. ಆಮೇಲೆ ಒಂದು ದಿನ ಮೊನೆಯ ಹಿಂದೆಯೇ ಅಂಚು ಎದ್ದಿತು, ಹಳೇ ಕಪಾಟಿನ ಸನ್ಮೈಕಾ ಮೂಲೆಯಲ್ಲಿ ಏಳುತ್ತದಲ್ಲ, ಥೇಟ್ ಹಾಗೆ. ಒಮ್ಮೆ ಎದ್ದ ಮೇಲೆ ಪ್ರತಿ ಸಲ ಕಿತ್ತಾಗಲೂ ಒಂದು ಚೂರು ಫೋಮಿನೊಳಗೇ ಉಳಿಯುತ್ತಿತ್ತು. ಆರರಲ್ಲಿ ನಾಲ್ಕು ಬಾಣಕ್ಕೆ ಹೀಗಾಯಿತು. ಆಮೇಲೆ ಒಬ್ಬ ಹಿರಿಯರು ಹೇಳಿಕೊಟ್ಟರು: ಹೊಡೆಯುವ ಮುಂಚೆ ಮುಂದಿನ ಎಂಟು ಇಂಚಿಗೆ ಒಣ ಸ್ನಾನದ ಸೋಪು ಉಜ್ಜು. ಸುಮ್ನೆ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಉಜ್ಜಿದ ಮೇಲೆ ಎರಡು ಬೆರಳಲ್ಲಿ ಬಾಣ ಬಂತು. ಉಳಿದ ಎರಡು ಫಿಲ್ಮ್ ಬಾಣ ಸೋಪಿನಿಂದಲೇ ಬದುಕಿದವು.

ಗರಿಯ ಕಥೆ ಬೇರೆ. ಗರಿ ಅಂಟುವುದು ಕಾರ್ಬನ್‌ಗೆ ಅಲ್ಲ, ಮೇಲಿನ ಬಣ್ಣಕ್ಕೆ. ಆಗಸ್ಟ್‌ನಲ್ಲಿ ಒಂದು ಪೇಂಟ್ ಬಾಣದ ಗರಿ ಕಳಚಿ ಬಿತ್ತು, ಎತ್ತಿ ನೋಡಿದರೆ ಅದರ ಅಡಿಯಲ್ಲಿ ಉದ್ದಕ್ಕೆ ಕಂದು ಬಣ್ಣದ ಪಟ್ಟಿ. ಅಂಟು ಗಟ್ಟಿಯಾಗಿಯೇ ಇತ್ತು, ಕೈಕೊಟ್ಟಿದ್ದು ಬಣ್ಣ! ಈಗ ಗರಿ ಕೂರುವ ಜಾಗವನ್ನು ಸಣ್ಣ ಮರಳು ಕಾಗದದಲ್ಲಿ ಒಂದೆರಡು ಸಲ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ ಆಮೇಲೆ ಅಂಟಿಸುತ್ತೇನೆ. ಅಸಿಟೋನ್ ಮಾತ್ರ ಮುಟ್ಟಿಸಬೇಡಿ, ಒಂದು ಸಲ ಒರೆಸಿದ್ದಕ್ಕೇ ಬಟ್ಟೆಯೆಲ್ಲ ಕಾಫಿ ಬಣ್ಣ ಆಯಿತು.

ರ‍್ಯಾಪ್‌ನಲ್ಲಿ ಈ ತಲೆನೋವಿಲ್ಲ. ಗರಿ ಹಾಳಾದರೆ ಬಿಸಿನೀರಿನಲ್ಲಿ ಅದ್ದಿ ಪೂರ್ತಿ ರ‍್ಯಾಪನ್ನೇ ಸುಲಿದು ಹೊಸದು ಸುತ್ತಬಹುದು. ಫೋಮ್ ಅಷ್ಟು ಹಿಂದಕ್ಕೆ ಮುಟ್ಟುವುದೇ ಇಲ್ಲ, ಹಾಗಾಗಿ ಸವೆತ ಅಂದರೆ ಬಿಲ್ಲಿನ ಶೆಲ್ಫ್ (ಬಾಣ ಕೂರುವ ಅಂಚು) ಮೇಲೆ ಜಾರುವಾಗ ಆಗುವುದಷ್ಟೇ. ಅಲ್ಲಿ ಮಾತ್ರ ಒಂದು ಎಡವಟ್ಟು ಮಾಡಿಕೊಂಡೆ. ಸುತ್ತುವಾಗ ಮುಂದಿನ ಅಂಚನ್ನು ಸರಿಯಾಗಿ ಒತ್ತಿರಲಿಲ್ಲ, ಎರಡು ಬಾಣದಲ್ಲಿ ಅದು ಶೆಲ್ಫಿನ ಚರ್ಮಕ್ಕೆ ಸಿಕ್ಕಿ ಎದ್ದು ನಿಂತಿತು. ಉಗುರಿನಿಂದ ಗಟ್ಟಿಯಾಗಿ ಒತ್ತಿದ ಉಳಿದ ನಾಲ್ಕು ಇವತ್ತಿಗೂ ಸರಿ ಇವೆ.

ಇನ್ನು ಬಣ್ಣಕ್ಕಿಂತ ಮುಖ್ಯವಾದದ್ದು. ಸೆಪ್ಟೆಂಬರ್‌ನಲ್ಲಿ ಒಂದು ಫಿಲ್ಮ್ ಬಾಣ ಮರದ ಬೇರಿಗೆ ಬಡಿಯಿತು. ಒರೆಸಿ ನೋಡಿದೆ, ಉದ್ದಕ್ಕೆ ಕಪ್ಪು ಗೆರೆಗಳು, ಡಿಸೈನಿನವೇ ಅಂದುಕೊಂಡೆ. ಅಭ್ಯಾಸಬಲದಿಂದ ಎರಡೂ ತುದಿ ಹಿಡಿದು ಬಗ್ಗಿಸಿ, ಕಿವಿಯ ಹತ್ತಿರ ತಂದು ತಿರುಚಿದೆ. ಚಿಟ್ ಅಂತ ಸದ್ದು. ಆ ಗೆರೆಗಳಲ್ಲಿ ಒಂದು ಬಿರುಕು. ಗೊತ್ತಿಲ್ಲದೆ ಹೂಡಿ ಬಿಟ್ಟಿದ್ದರೆ ಕಾರ್ಬನ್ ಸಿಬಿರು ನೇರವಾಗಿ ಬಿಲ್ಲು ಹಿಡಿದ ಕೈಗೆ ಹೋಗುತ್ತಿತ್ತು. ಕಪ್ಪು ಬಾಣದಲ್ಲಿ ಬಿರುಕು ಬೇಗ ಕಣ್ಣಿಗೆ ಬೀಳುತ್ತದೆ, ಮರದ ಎಳೆಯ ಮಧ್ಯೆ ಅದು ಅಡಗಿ ಕೂರುತ್ತದೆ. ಈಗ ಪ್ರತಿ ಸುತ್ತಿನ ನಂತರ ಎಲ್ಲ ಬಾಣವನ್ನೂ ಬಗ್ಗಿಸಿ ಕೇಳುತ್ತೇನೆ, ಪಕ್ಕದವರು ನಕ್ಕರೂ ಪರವಾಗಿಲ್ಲ.

ಸ್ಪರ್ಧೆಗೆ ಅಂತ ಕೊಳ್ಳುವವರಿಗೆ ಒಂದು ಮಾತು. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆ ವರ್ಲ್ಡ್ ಆರ್ಚರಿಯ 3ಡಿ (ಫೋಮ್ ಪ್ರಾಣಿಗಳಿಗೆ ಹೊಡೆಯುವ) ಸ್ಪರ್ಧೆಯ, ಉದ್ದನೆಯ ಸಾದಾ ಬಿಲ್ಲಿನ ಲಾಂಗ್‌ಬೋ ವಿಭಾಗದಲ್ಲಿ ನಿಜವಾದ ಮರದ ಬಾಣವೇ ಬೇಕು. ಮರದ ವೇಷ ಹಾಕಿದ್ದು ಅಲ್ಲಿ ನಡೆಯುವುದಿಲ್ಲ.

ನನ್ನ ಆಯ್ಕೆ ಈಗ ರ‍್ಯಾಪ್. ಪೂರ್ತಿ ಮರದ ಹಾಗೇ ಕಾಣಬೇಕು, ಸೋಪು ಉಜ್ಜುವ ತಾಳ್ಮೆಯೂ ಇದೆ ಅಂದರೆ ಫಿಲ್ಮ್ ತಗೊಳ್ಳಿ. ಪೇಂಟ್ ಬಾಣವನ್ನು ನಾನಂತೂ ಮತ್ತೆ ಕೊಳ್ಳುವುದಿಲ್ಲ, ಉಳಿಸಿದ ದುಡ್ಡು ಗರಿಗೆ, ಅಂಟಿಗೆ ಹೋಯಿತು. ಯಾವುದೇ ತಗೊಂಡರೂ ಗರಿ ಮಾತ್ರ ಹಳದಿ ಅಥವಾ ಬಿಳಿ ಇರಲಿ. ನಾನು ಚೆಂದಕ್ಕೆ ಅಂತ ಕಂದು ಗರಿ ಹಾಕಿಸಿದ್ದೆ. ಅಕ್ಟೋಬರ್‌ನಲ್ಲಿ ನೆಲದ ತುಂಬಾ ಮೇಪಲ್, ಓಕ್ ಎಲೆ, ಅದರ ಮೇಲೆ ಕಂದು ಬಾಣ, ಕಂದು ಗರಿ. ಎರಡು ಬಾಣಕ್ಕೆ ಮುಕ್ಕಾಲು ಗಂಟೆ ಕಾಲಲ್ಲಿ ಎಲೆ ಸರಿಸುತ್ತಾ ಹುಡುಕಿ ಬರಿಗೈಯಲ್ಲಿ ಬಂದೆ. ಹಿಮ ಕರಗಿದ ಮೇಲೆ ಸಿಕ್ಕರೆ ಅವುಗಳ ಬಣ್ಣ ಏನಾಗಿದೆ ಅಂತ ಹೇಳುತ್ತೇನೆ.