ಮನೆಯಲ್ಲೇ ಕಟ್ಟಿದ ವಾಲ್ವ್ ಫೋನೊ ಪ್ರೀ ಆಂಪ್: ಆರು ತಿಂಗಳು ಕೇಳಿದ ಮೇಲೆ

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ, ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯ ಗೆಳೆಯರೊಬ್ಬರು ಕಟ್ಟಿಕೊಟ್ಟ ಈ ಪ್ರೀ ಆಂಪ್ಲಿಫೈಯರಿನಲ್ಲಿ (ತಟ್ಟೆಯ ಮೇಲಿನ ಮುಳ್ಳಿನಿಂದ ಬರುವ ಕ್ಷೀಣ ಸಂಕೇತವನ್ನು ಆಂಪ್ಲಿಫೈಯರಿಗೆ ಸಾಲುವಷ್ಟು ಹಿಗ್ಗಿಸುವ ಪೆಟ್ಟಿಗೆ ಇದು) ಚಾನೆಲ್ಲಿಗೊಂದರಂತೆ ಎರಡು ಇಸಿಸಿ83 ಎಂಬ ಗಾಜಿನ ಕೊಳವೆಯ ವಾಲ್ವ್‌ಗಳಿವೆ. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು.

ಮೊದಲ ವಾರ ಕೇಳಿದವರೆಲ್ಲ ‘ವಾಲ್ವಿನ ಮಾಧುರ್ಯವೇ ಬೇರೆ’ ಎಂದು ತಲೆದೂಗಿದರು, ನಾನೂ ದೂಗಿದೆ. ಆದರೆ ತಂಬೂರಿಯ ಝೇಂಕಾರ ಮಂಕಾಗಿ, ಗಾಯಕಿಯ ಸಕಾರ ಶಕಾರಗಳು ಬಟ್ಟೆ ಮುಚ್ಚಿದಂತೆ ಕೇಳುತ್ತಿದ್ದುದು ಅನುಮಾನ ಹುಟ್ಟಿಸಿತು. ಈ ಸರ್ಕ್ಯೂಟಿನ ಔಟ್‌ಪುಟ್ ಇಂಪೆಡೆನ್ಸ್ (ಹೊರಬರುವ ಸಂಕೇತಕ್ಕೆ ಸರ್ಕ್ಯೂಟೇ ಒಡ್ಡುವ ತಡೆ) ಸುಮಾರು 40 ಕಿಲೊಓಮ್. ನಾನು ಆಂಪ್ಲಿಫೈಯರಿನವರೆಗೆ ಎಳೆದಿದ್ದ 3 ಮೀಟರ್ ತಂತಿಯ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಟ್ಟುಕೊಳ್ಳುವ ಗುಣ) ಸುಮಾರು 300 ಪಿಕೊಫ್ಯಾರಡ್. ಇವೆರಡೂ ಸೇರಿದರೆ ತೀಕ್ಷ್ಣ ಸದ್ದುಗಳು ತಗ್ಗಿ, 13,000 ಹರ್ಟ್ಸ್ ಹೊತ್ತಿಗೆ ಸದ್ದು 3 ಡೆಸಿಬೆಲ್ ಕುಸಿದಿರುತ್ತದೆ. ನಾವು ಹೊಗಳಿದ್ದ ಮಾಧುರ್ಯದಲ್ಲಿ ಅರ್ಧ ಪಾಲು ತಂತಿಯದಾಗಿತ್ತು.

ತಂತಿಯನ್ನು ಮುಕ್ಕಾಲು ಮೀಟರಿಗೆ ಇಳಿಸಿದ ಮೇಲೆ ಇದರ ನಿಜವಾದ ಸ್ವಭಾವ ಕೇಳಿಸಿತು. ವೀಣೆಯ ತಂತಿಯನ್ನು ಮೀಟಿದ ಕ್ಷಣದ ಉಗುರಿನ ಸಣ್ಣ ಸದ್ದು, ಆಮೇಲೆ ಅದೇ ಮೀಟಿನ ಮೇಲೆ ಎಳೆದ ಗಮಕ ಪೂರ್ತಿ ಅಡಗುವವರೆಗಿನ ಎಳೆ, ಎರಡೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೆ. ಮೃದಂಗದ ಗುಮಕಿ ದುಂಡಗಿದೆ, ಊದಿಕೊಂಡಿಲ್ಲ. ನನ್ನ ಹಳೆಯ ಐಸಿ (ಚಿಪ್) ಪ್ರೀ ಆಂಪಿನಲ್ಲಿ ಪಿಟೀಲು ಮೇಲಿನ ಸ್ಥಾಯಿಗೆ ಹೋದಾಗ ಕೊರೆಯುತ್ತಿತ್ತು, ಇಲ್ಲಿ ಹಾಗಾಗುವುದಿಲ್ಲ. ವಾಲ್ವ್‌ಗಳು ಕಾಯಲು ಕಾಲು ಗಂಟೆ ಬೇಕು, ಅಷ್ಟರಲ್ಲಿ ಕಾಫಿ ಆಗುತ್ತದೆ.

ದೋಷಗಳೂ ಇವೆ. ಆರ್‌ಐಎಎ ತಿದ್ದುಪಡಿ (ತಟ್ಟೆ ಕೊರೆಯುವಾಗ ತಗ್ಗಿಸಿದ ಮಂದ್ರವನ್ನೂ ಎತ್ತಿದ ತಾರವನ್ನೂ ಮತ್ತೆ ಸರಿದೂಗಿಸುವ ಕ್ರಮ) 1,000 ಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್ ಸದ್ದನ್ನು ಸುಮಾರು 17 ಡೆಸಿಬೆಲ್ ಎತ್ತುತ್ತದೆ, ನಮ್ಮ ಮನೆಯ ಕರೆಂಟೂ 50 ಹರ್ಟ್ಸೇ. ಹೀಗಾಗಿ ಆರಂಭದಲ್ಲಿ ಹಾಡಿಗಿಂತ ಮುಂಚೆ ಗುಂಯ್ ಎಂಬ ಶ್ರುತಿ ಶುರುವಾಗುತ್ತಿತ್ತು. ವಾಲ್ವಿನೊಳಗಿನ ಹೀಟರಿಗೆ ಡಿಸಿ (ಏಕಮುಖ ಕರೆಂಟು) ಕೊಟ್ಟು, ಟ್ರಾನ್ಸ್‌ಫಾರ್ಮರನ್ನು ಬೇರೆ ಪೆಟ್ಟಿಗೆಗೆ ಸಾಗಿಸಿದ ಮೇಲೆ ಅದು ಸ್ಪೀಕರಿಗೆ ಕಿವಿಯಿಟ್ಟರೆ ಮಾತ್ರ ಕೇಳುವಷ್ಟಕ್ಕೆ ಇಳಿದಿದೆ. ಎಡಗಡೆಯ ವಾಲ್ವನ್ನು ಪೆನ್ಸಿಲಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಟಿಣ್ ಎನ್ನುತ್ತದೆ, ಅದನ್ನು ಬದಲಿಸಲೇಬೇಕು.

ಗುಬ್ಬಿಯ ಅಜ್ಜನ ಮನೆಯಿಂದ ತಂದ ನಾಟಕದ ಹಾಡುಗಳ 78 ಸುತ್ತಿನ ತಟ್ಟೆಗಳನ್ನು, ಅವಕ್ಕೆ ಬೇಕಾದ ದಪ್ಪ ಮುಳ್ಳು ಹಾಕಿಯೇ ಕೇಳಿದೆ. ಆರ್‌ಐಎಎ ರೂಢಿಗೆ ಬಂದದ್ದು 1954ರಲ್ಲಿ, ಈ ತಟ್ಟೆಗಳು ಅದಕ್ಕೂ ಹಿಂದಿನವು. ಅವನ್ನು ಕೊರೆದ ಕ್ರಮವೇ ಬೇರೆ, ಹೀಗಾಗಿ ದನಿ ಗಂಟಲಲ್ಲೇ ಉಳಿದಂತಿದೆ. ಇದು ವಾಲ್ವಿನ ತಪ್ಪಲ್ಲ, ಆದರೆ ಹಳೆಯ ತಟ್ಟೆಗಳಿಗೆಂದು ಒಂದು ಸ್ವಿಚ್ ಇರಬೇಕಿತ್ತು.

ಸ್ವಿಚ್ಚನ್ನೂ, ಉದ್ದ ತಂತಿಯನ್ನು ತಡೆದುಕೊಳ್ಳುವಂತೆ ಕೊನೆಯಲ್ಲಿ ಇಂಪೆಡೆನ್ಸ್ ಇಳಿಸುವ ಕ್ಯಾಥೋಡ್ ಫಾಲೋಯರ್ ಎಂಬ ಒಂದು ವಾಲ್ವ್ ಹಂತವನ್ನೂ ಸೇರಿಸಿಕೊಡಲು ಗೆಳೆಯರು ಒಪ್ಪಿದ್ದಾರೆ. ಅಲ್ಲಿಯವರೆಗೆ ಆಂಪ್ಲಿಫೈಯರ್ ಇದೇ ಮೇಜಿನ ಮೇಲೆ, ಪ್ರೀ ಆಂಪಿನ ಪಕ್ಕದಲ್ಲೇ ಕೂರಬೇಕು.